ಡೇಟಾಬೇಸ್ ಯಾಕೆ ಸ್ಲೋ? ಕ್ವೆರಿಗಳ ಜಾಡು ಹಿಡಿದು ಕಾರಣ ಹುಡುಕೋ ಸಮಗ್ರ ಮಾರ್ಗದರ್ಶಿ

ಆಪ್ ಸ್ಲೋ ಆಯ್ತು ಅಂದ ತಕ್ಷಣ ಬಹಳ ಜನ ಮಾಡೋ ಮೊದಲ ಕೆಲಸ ಅಂದ್ರೆ ಅನುಮಾನ ಬಂದ ಕಾಲಮ್‌ಗೆ ಒಂದು ಇಂಡೆಕ್ಸ್ (ಬೇಕಾದ ಸಾಲನ್ನ ಬೇಗ ಹುಡುಕೋಕೆ ಇರೋ ಸೂಚಿ) ಹಾಕೋದು, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಇನ್ನೂ ದೊಡ್ಡ ಸರ್ವರ್ ತಗೊಳ್ಳೋದು. ಒಂದೊಂದ್ಸಲ ಇದು ಕೆಲಸ ಮಾಡ್ಬಿಡತ್ತೆ, ಅದೇ ತೊಂದರೆ, ಯಾಕಂದ್ರೆ ಯಾಕೆ ಸರಿಹೋಯ್ತು ಅಂತ ಯಾರಿಗೂ ಗೊತ್ತಿರಲ್ಲ, ಮುಂದಿನ ಸಲ ಮತ್ತೆ ಅದೇ ಊಹೆ. ಟೈಮ್ ಎಲ್ಲಿ ಹೋಗ್ತಿದೆ ಅಂತ ಮೊದ್ಲು ಅಳೀಬೇಕು, ಕೈ ಹಾಕೋದು ಆಮೇಲೆ. ಇಲ್ಲಿ ನಾನು ಮುಖ್ಯವಾಗಿ ಪೋಸ್ಟ್‌ಗ್ರೆಸ್ ಇಟ್ಕೊಂಡು ಹೇಳ್ತೀನಿ, ಬೇರೆ ಡೇಟಾಬೇಸ್‌ಗಳಲ್ಲಿ ಇದೇ ಕೆಲಸಕ್ಕೆ ಏನಿದೆ ಅನ್ನೋದು ಕೊನೆ ಕಡೆ ಬರತ್ತೆ. ಸೆಟ್ಟಿಂಗ್‌ಗಳ ಹೆಸರನ್ನ ಉಚ್ಚಾರಣೆ ಪ್ರಕಾರ ಕನ್ನಡದಲ್ಲೇ ಬರೆದಿದ್ದೀನಿ, ಅಡಿಗೆರೆ ಎಲ್ಲಿದ್ಯೋ ಅಲ್ಲೇ ಇದೆ, ಹಾಗಾಗಿ ಇಂಗ್ಲಿಷಲ್ಲಿ ಟೈಪ್ ಮಾಡೋವಾಗ ಕಷ್ಟ ಆಗಲ್ಲ.

ದೂರನ್ನ ಸರಿಯಾಗಿ ಬರ್ಕೊಳ್ಳಿ

"ಸ್ಲೋ ಇದೆ" ಅನ್ನೋದ್ರಿಂದ ಏನೂ ತಿಳಿಯಲ್ಲ. ಯಾವ ಪೇಜ್, ಯಾವ ಎಪಿಐ, ದಿನದ ಯಾವ ಹೊತ್ತಲ್ಲಿ, ಎಲ್ರಿಗೂನಾ ಅಥವಾ ಒಬ್ಬಿಬ್ಬರು ಗ್ರಾಹಕರಿಗೆ ಮಾತ್ರನಾ, ಯಾವತ್ತಿಂದ ಶುರು ಆಯ್ತು, ಅವತ್ತು ಹೊಸ ರಿಲೀಸ್ ಏನಾದ್ರೂ ಹೋಗಿತ್ತಾ, ಇಷ್ಟು ಬರ್ಕೊಳ್ಳಿ. ಒಬ್ಬ ಗ್ರಾಹಕನಿಗೆ ಮಾತ್ರ ಸ್ಲೋ ಅಂದ್ರೆ ಅವನ ಡೇಟಾ ಗಾತ್ರದ ಮೇಲೆ ಅನುಮಾನ ಪಡಬೇಕು, ಎಲ್ರಿಗೂ ಒಟ್ಟಿಗೆ ನಿಂತುಹೋಗಿ ಎರಡು ನಿಮಿಷದಲ್ಲಿ ತಾನೇ ಸರಿಹೋಗ್ತಿದೆ ಅಂದ್ರೆ ಲಾಕ್ (ಒಬ್ಬರು ಹಿಡ್ಕೊಂಡಾಗ ಬೇರೆಯವರು ಕಾಯಬೇಕಾದ ಬೀಗ) ಮೇಲೆ. ಸರಾಸರಿ ನೋಡ್ಕೊಂಡು ಸಮಾಧಾನ ಪಟ್ಕೋಬೇಡಿ, ನೂರರಲ್ಲಿ 95 ರಿಕ್ವೆಸ್ಟ್ 50 ಮಿಲಿಸೆಕೆಂಡಲ್ಲಿ ಮುಗಿದು ಉಳಿದ 5 ರಿಕ್ವೆಸ್ಟ್ 4 ಸೆಕೆಂಡ್ ತಗೊಂಡ್ರೆ ಸರಾಸರಿ ಕಾಲು ಸೆಕೆಂಡ್ ಆಸುಪಾಸು ಅಂತ ತೋರಿಸತ್ತೆ, ನೋಡೋಕೆ ಪರವಾಗಿಲ್ಲ ಅನ್ಸತ್ತೆ, ಆದ್ರೆ ದೂರು ಕೊಡ್ತಿರೋದು ಆ ಐದರಲ್ಲಿ ಸಿಕ್ಕಿಹಾಕ್ಕೊಂಡೋರು. 95ನೇ, 99ನೇ ಪರ್ಸೆಂಟೈಲ್ (99ನೇದು ಅಂದ್ರೆ ನೂರರಲ್ಲಿ 99 ರಿಕ್ವೆಸ್ಟ್ ಎಷ್ಟು ಹೊತ್ತಿನೊಳಗೆ ಮುಗೀತು ಅನ್ನೋದು) ನೋಡಿ.

ಇನ್ನೊಂದು ಮುಖ್ಯ ವಿಷಯ, ತಪ್ಪು ಡೇಟಾಬೇಸ್‌ದೇನಾ ಅಂತ ಮೊದ್ಲು ಖಚಿತ ಮಾಡ್ಕೊಳ್ಳಿ. ಓಪನ್‌ಟೆಲಿಮೆಟ್ರಿ ಥರದ ಟ್ರೇಸಿಂಗ್ (ರಿಕ್ವೆಸ್ಟ್ ಎಲ್ಲೆಲ್ಲಿ ಹೋಯ್ತು ಅಂತ ದಾಖಲಿಸೋದು) ಹಾಕಿದ್ರೆ ಒಂದು ರಿಕ್ವೆಸ್ಟ್ ಒಳಗೆ ಪ್ರತಿ ಕ್ವೆರಿಗೂ (ಡೇಟಾಬೇಸ್‌ಗೆ ಕಳಿಸೋ ಆದೇಶ) ಒಂದೊಂದು ಸ್ಪ್ಯಾನ್ (ಶುರು-ಕೊನೆ ಟೈಮ್ ಇರೋ ತುಂಡು) ಕಾಣತ್ತೆ, ಇಲ್ಲ ಅಂದ್ರೆ ಕೋಡಲ್ಲೇ ಕ್ವೆರಿಗೆ ಮುಂಚೆ ಒಂದು ಟೈಮ್‌ಸ್ಟಾಂಪ್ ಆಮೇಲೊಂದು ಟೈಮ್‌ಸ್ಟಾಂಪ್ ಹಾಕಿ ಲಾಗ್ ಮಾಡಿದ್ರೂ ಸಾಕು. ಒಟ್ಟು 3 ಸೆಕೆಂಡಲ್ಲಿ ಕ್ವೆರಿಗಳದ್ದು 80 ಮಿಲಿಸೆಕೆಂಡ್ ಅಂದ್ರೆ ಡೇಟಾಬೇಸ್ ಮುಟ್ಟಬೇಡಿ. ಇಲ್ಲಿ ಒಂದು ಮೋಸ ಇದೆ, ಆಪ್ ಕಡೆ ಅಳೆದ "ಡಿಬಿ ಟೈಮ್" ಒಳಗೆ ಕನೆಕ್ಷನ್ ಪೂಲಿಂದ (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಕನೆಕ್ಷನ್ ಸಿಗೋಕೆ ಕಾದ ಟೈಮೂ ಸೇರ್ಕೊಂಡಿರಬಹುದು. ಪೂಲಲ್ಲಿ 10 ಕನೆಕ್ಷನ್ ಇದ್ದು ಹತ್ತೂ ಬಿಝಿ ಇದ್ರೆ ಹನ್ನೊಂದನೇ ರಿಕ್ವೆಸ್ಟ್ ಸುಮ್ನೆ ಕಾಯ್ತಾ ಇರತ್ತೆ, ಡೇಟಾಬೇಸ್‌ಗೆ ಆ ಕ್ವೆರಿ ಇನ್ನೂ ಬಂದೇ ಇರಲ್ಲ. ಆಪ್ 2 ಸೆಕೆಂಡ್ ಅಂತ ಹೇಳಿ ಡೇಟಾಬೇಸ್ ಲಾಗ್ 5 ಮಿಲಿಸೆಕೆಂಡ್ ಅಂತ ಹೇಳಿದ್ರೆ ಪೂಲ್ ಅಥವಾ ನೆಟ್‌ವರ್ಕ್ ನೋಡಿ.

ಸ್ಲೋ ಕ್ವೆರಿ ಲಾಗ್ ಆನ್ ಮಾಡೋದು

ಸ್ಲೋ ಕ್ವೆರಿ ಲಾಗ್ ಅಂದ್ರೆ ನಾವು ಹೇಳಿದ ಟೈಮ್‌ಗಿಂತ ಜಾಸ್ತಿ ತಗೊಂಡ ಕ್ವೆರಿಗಳ ದಾಖಲೆ. ಪೋಸ್ಟ್‌ಗ್ರೆಸ್‌ನಲ್ಲಿ ಇದು ಮೊದಲಿಂದ ಆಫ್ ಇರತ್ತೆ, ಡೀಫಾಲ್ಟ್ ಬೆಲೆ (ವ್ಯಾಲ್ಯೂ) -1. 0 ಕೊಟ್ರೆ ಎಲ್ಲಾ ಕ್ವೆರಿನೂ ಬರತ್ತೆ, ಬಿಝಿ ಸರ್ವರಲ್ಲಿ ಹಾಗೆ ಮಾಡಿದ್ರೆ ಲಾಗ್ ಬರೆಯೋದೇ ಒಂದು ಹೊರೆ ಆಗಿ ಡಿಸ್ಕ್ ತುಂಬ್ಕೊಳ್ಳತ್ತೆ. 250 ಅಥವಾ 500 ಮಿಲಿಸೆಕೆಂಡಿಂದ ಶುರು ಮಾಡಿ:

ಆಲ್ಟರ್ ಸಿಸ್ಟಮ್ ಸೆಟ್ ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್ = 250;
ಸೆಲೆಕ್ಟ್ ಪಿಜಿ_ರೀಲೋಡ್_ಕಾನ್ಫ್();

ರೀಸ್ಟಾರ್ಟ್ ಬೇಕಿಲ್ಲ. ಇದ್ರ ಜೊತೆ ಇನ್ನೂ ಎರಡು ಆನ್ ಮಾಡ್ಕೊಳ್ಳಿ. ಲಾಗ್_ಲಾಕ್_ವೇಟ್ಸ್ ಆನ್ ಇದ್ರೆ ಯಾವುದಾದ್ರೂ ಸೆಷನ್ ಡೆಡ್‌ಲಾಕ್_ಟೈಮ್‌ಔಟ್‌ಗಿಂತ ಜಾಸ್ತಿ, ಅಂದ್ರೆ ಡೀಫಾಲ್ಟ್ ಆಗಿ 1 ಸೆಕೆಂಡ್‌ಗಿಂತ ಜಾಸ್ತಿ ಲಾಕ್‌ಗೆ ಕಾದ್ರೆ ಲಾಗಲ್ಲಿ ಬರತ್ತೆ, ಯಾರಿಗೋಸ್ಕರ ಕಾಯ್ತಿದೆ ಅನ್ನೋದೂ ಬರತ್ತೆ. ಲಾಗ್_ಟೆಂಪ್_ಫೈಲ್ಸ್‌ಗೆ 0 ಕೊಟ್ರೆ ಮೆಮೊರಿ ಸಾಲದೆ ಡಿಸ್ಕ್‌ಗೆ ಇಳಿದ ಪ್ರತಿ ಸಾರ್ಟ್ ಮತ್ತೆ ಹ್ಯಾಶ್ ಕಾಣತ್ತೆ. ಲಾಗ್_ಲೈನ್_ಪ್ರಿಫಿಕ್ಸ್‌ನಲ್ಲಿ ಆಪ್ ಹೆಸರು, ಯೂಸರ್, ಡೇಟಾಬೇಸ್ ಸೇರಿಸಿ, ಇದನ್ನ ಮಾಡದೇ ಇದ್ರೆ ಲಾಗ್ ಸಿಕ್ಕಿದ್ರೂ ಯಾರು ಕಳಿಸಿದ ಕ್ವೆರಿ ಅಂತ ತಿಳಿಯಲ್ಲ.

ಒಂದು ಎಚ್ಚರಿಕೆ. ಲಾಗಲ್ಲಿ ಪ್ಯಾರಾಮೀಟರ್ ಬೆಲೆಗಳೂ ಬರ್ತವೆ, ಜನರ ಇಮೇಲು, ಫೋನ್ ನಂಬರು ಎಲ್ಲಾ. ಲಾಗ್ ಫೈಲ್ ಯಾರು ಓದಬಹುದು, ಎಷ್ಟು ದಿನ ಇಟ್ಕೊಳ್ಳೋದು ಅಂತ ಮೊದ್ಲೇ ತೀರ್ಮಾನ ಮಾಡಿ. ಲಾಗ್_ಪ್ಯಾರಾಮೀಟರ್_ಮ್ಯಾಕ್ಸ್_ಲೆಂತ್ ಅಂತ 13ನೇ ಆವೃತ್ತಿಯಿಂದ ಒಂದು ಸೆಟ್ಟಿಂಗ್ ಇದೆ, ಅದ್ರಿಂದ ಬೈಂಡ್ ಪ್ಯಾರಾಮೀಟರ್‌ಗಳನ್ನ (ಕ್ವೆರಿಯಿಂದ ಬೇರೆಯಾಗಿ ಕಳಿಸೋ ಬೆಲೆಗಳು) ಮೊಟಕು ಮಾಡಬಹುದು, ಪೂರ್ತಿ ಬೇಡ ಅಂತಲೂ ಹೇಳಬಹುದು.

ಅತಿ ನಿಧಾನದ ಕ್ವೆರಿನೇ ಅಪರಾಧಿ ಅಂದ್ಕೋಬೇಡಿ

ಸ್ಲೋ ಲಾಗ್‌ಗೆ ಒಂದು ಕುರುಡು ಜಾಗ ಇದೆ. ಗಂಟೆಗೆ ಮೂರು ಸಲ ಓಡೋ 8 ಸೆಕೆಂಡ್‌ನ ರಿಪೋರ್ಟ್ ಕ್ವೆರಿ ಅದ್ರಲ್ಲಿ ಎದ್ದು ಕಾಣತ್ತೆ, ಒಟ್ಟು ತಿನ್ನೋದು 24 ಸೆಕೆಂಡ್. ಬರೀ 4 ಮಿಲಿಸೆಕೆಂಡ್ ತಗೊಳ್ಳೋ ಚಿಕ್ಕ ಕ್ವೆರಿ ಗಂಟೆಗೆ 50,000 ಸಲ ಓಡಿದ್ರೆ 200 ಸೆಕೆಂಡ್ ತಿನ್ನತ್ತೆ, ಆದ್ರೆ ಲಾಗಲ್ಲಿ ಅದರ ಸುಳಿವೇ ಇರಲ್ಲ. ಇದನ್ನ ಹಿಡಿಯೋಕೆ ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್ ಅನ್ನೋ ಎಕ್ಸ್‌ಟೆನ್ಷನ್ ಬೇಕೇ ಬೇಕು, ನನ್ನ ಪ್ರಕಾರ ಪ್ರತಿ ಪ್ರೊಡಕ್ಷನ್ ಸರ್ವರಲ್ಲೂ ಇದು ಮೊದಲ ದಿನದಿಂದಲೇ ಇರಬೇಕು. ಯಾಕೆ ಅಂದ್ರೆ ಶೇರ್ಡ್_ಪ್ರೀಲೋಡ್_ಲೈಬ್ರರೀಸ್‌ಗೆ ಸೇರಿಸಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡ್ಲೇಬೇಕು, ಬೆಂಕಿ ಬಿದ್ದಾಗ ರೀಸ್ಟಾರ್ಟ್‌ಗೆ ಪರ್ಮಿಷನ್ ಕೇಳ್ಕೊಂಡು ಕೂರೋಕಾಗಲ್ಲ. ರೀಸ್ಟಾರ್ಟ್ ಆದ್ಮೇಲೆ ಕ್ರಿಯೇಟ್ ಎಕ್ಸ್‌ಟೆನ್ಷನ್ ಒಂದ್ಸಲ ಓಡಿಸಿದ್ರೆ ಮುಗೀತು.

ಇದು ಒಂದೇ ಆಕಾರದ ಕ್ವೆರಿಗಳನ್ನೆಲ್ಲಾ ಒಟ್ಟು ಹಾಕತ್ತೆ, ಒಳಗಿನ ಬೆಲೆಗಳ ಜಾಗದಲ್ಲಿ $1, $2 ಅಂತ ಇಟ್ಟು ಎಷ್ಟು ಸಲ ಓಡ್ತು, ಒಟ್ಟು ಎಷ್ಟು ಟೈಮ್, ಎಷ್ಟು ಸಾಲು ಬಂತು, ಎಷ್ಟು ಬ್ಲಾಕ್ ಓದ್ತು ಅಂತ ಲೆಕ್ಕ ಇಡತ್ತೆ. ಶುರುವಿಗೆ ಇಷ್ಟು ಸಾಕು:

ಸೆಲೆಕ್ಟ್ ಕ್ವೆರಿಐಡಿ, ಕಾಲ್ಸ್, ಟೋಟಲ್_ಎಕ್ಸೆಕ್_ಟೈಮ್, ಮೀನ್_ಎಕ್ಸೆಕ್_ಟೈಮ್, ರೋಸ್, ಕ್ವೆರಿ
ಫ್ರಮ್ ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್
ಆರ್ಡರ್ ಬೈ ಟೋಟಲ್_ಎಕ್ಸೆಕ್_ಟೈಮ್ ಡೆಸ್ಕ್ ಲಿಮಿಟ್ 20;

13ಕ್ಕಿಂತ ಹಳೇ ಆವೃತ್ತಿಲಿ ಈ ಕಾಲಮ್ ಹೆಸರು ಟೋಟಲ್_ಟೈಮ್ ಅಂತಿತ್ತು. ಒಟ್ಟು ಟೈಮ್ ಪ್ರಕಾರ ಜೋಡಿಸೋದು ಸರ್ವರ್ ಮೇಲಿನ ಹೊರೆ ತಿಳಿಯೋಕೆ, ಬಳಕೆದಾರ ಕಾಯೋ ಸಮಯ ತಿಳಿಯೋಕೆ ಸರಾಸರಿ ಮತ್ತೆ ಸ್ಟಾಂಡರ್ಡ್ ಡೀವಿಯೇಷನ್ ಪ್ರಕಾರನೂ ಒಮ್ಮೆ ಜೋಡಿಸಿ. ಸರಾಸರಿ ಚಿಕ್ಕದಿದ್ದು ಡೀವಿಯೇಷನ್ ಅದ್ರ ಹತ್ತು ಪಟ್ಟು ಇದ್ರೆ ಅದೇ ಕ್ವೆರಿ ಕೆಲವೊಮ್ಮೆ ಸಲೀಸಾಗಿ ಓಡಿ ಕೆಲವೊಮ್ಮೆ ಸಿಕ್ಕಿಬೀಳ್ತಿದೆ ಅಂತ ಅರ್ಥ, ಇಂಥದ್ದು ತುಂಬಾ ಒಳ್ಳೇ ಸುಳಿವು.

ಇಲ್ಲಿರೋ ಅಂಕಿಗಳು ಕೊನೇ ಸಲ ರೀಸೆಟ್ ಆದಾಗಿಂದ ಕೂಡಿಟ್ಟಿದ್ದು, ಮೂರು ತಿಂಗಳ ಒಟ್ಟು ನೋಡಿ ಇವತ್ತಿನ ಸಮಸ್ಯೆ ಹೇಳೋಕಾಗಲ್ಲ. ಈ ಟೇಬಲ್ಲಿನ ನಕಲನ್ನ ಪ್ರತಿ 5 ಅಥವಾ 10 ನಿಮಿಷಕ್ಕೊಮ್ಮೆ ಬೇರೆ ಟೇಬಲ್‌ಗೆ ಹಾಕ್ಕೊಂಡು ಎರಡರ ನಡುವಿನ ವ್ಯತ್ಯಾಸ ನೋಡಿ, ಆಗ "ನಿನ್ನೆ ಮಧ್ಯಾಹ್ನ ಏನಾಯ್ತು" ಅನ್ನೋ ಪ್ರಶ್ನೆಗೆ ಉತ್ತರ ಸಿಗತ್ತೆ. ಮತ್ತೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಟೈಮ್‌ಔಟ್ ಆಗಿ ಮಧ್ಯದಲ್ಲೇ ರದ್ದಾದ ಕ್ವೆರಿ ಈ ಲೆಕ್ಕಕ್ಕೆ ಬರೋದೇ ಇಲ್ಲ. ಅಂದ್ರೆ ಎಲ್ಲಕ್ಕಿಂತ ಕೆಟ್ಟ ಕ್ವೆರಿ 30 ಸೆಕೆಂಡಿಗೆ ಕಟ್ ಆಗ್ತಾ ಇದ್ರೆ ಅದು ಪಟ್ಟಿಲಿ ಕಾಣ್ದೇ ಹೋಗಬಹುದು. ಅದಕ್ಕೆ ಎರರ್ ಲಾಗಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್ ಅನ್ನೋ ಸಾಲುಗಳನ್ನೂ ಹುಡುಕಲೇಬೇಕು.

ಆ ಕ್ವೆರಿ ಕೋಡಲ್ಲಿ ಎಲ್ಲಿಂದ ಬಂತು?

ಓಆರ್‌ಎಮ್ (ಕೋಡಿಂದ ಕ್ವೆರಿಯನ್ನ ತಾನೇ ಬರೆಯೋ ಲೈಬ್ರರಿ) ಬಳಸೋ ಪ್ರಾಜೆಕ್ಟಲ್ಲಿ ಕೆಟ್ಟ ಕ್ವೆರಿ ಸಿಕ್ಕ ಮೇಲೂ ಅದನ್ನ ಹುಟ್ಟಿಸಿದ ಸಾಲು ಹುಡುಕೋದು ದೊಡ್ಡ ತಲೆನೋವು. ಎರಡು ಕೆಲಸ ಮಾಡಿಟ್ಕೊಳ್ಳಿ. ಪ್ರತಿ ಸರ್ವಿಸ್ ತನ್ನ ಕನೆಕ್ಷನಲ್ಲಿ ಅಪ್ಲಿಕೇಶನ್_ನೇಮ್ ಕೊಡಲಿ, ವೆಬ್, ವರ್ಕರ್, ರಿಪೋರ್ಟ್ ಅಂತ ಬೇರೆ ಬೇರೆ. ಆಮೇಲೆ ಕ್ವೆರಿ ಜೊತೆಗೇ ಒಂದು ಕಾಮೆಂಟ್ ಹೋಗೋ ಹಾಗೆ ಮಾಡಿ, ಅದ್ರಲ್ಲಿ ಎಪಿಐ ಹೆಸರು, ಟ್ರೇಸ್ ಐಡಿ ಇರಲಿ. ಹೀಗೆ ಮಾಡಿದ್ರೆ ಡೇಟಾಬೇಸ್ ಲಾಗಲ್ಲಿ ಸಿಕ್ಕ ಒಂದು ಸಾಲಿಂದ ನೇರ ಆ ರಿಕ್ವೆಸ್ಟಿನ ಟ್ರೇಸ್‌ಗೆ ಹಾರಬಹುದು. ಪೋಸ್ಟ್‌ಗ್ರೆಸ್ ಕ್ವೆರಿಐಡಿ ಲೆಕ್ಕ ಹಾಕೋವಾಗ ಕಾಮೆಂಟನ್ನ ಪರಿಗಣಿಸಲ್ಲ, ಹಾಗಾಗಿ ಒಟ್ಟುಗೂಡಿಸೋ ಲೆಕ್ಕ ಕೆಡಲ್ಲ. ಆದ್ರೆ ಕಾಮೆಂಟನ್ನ ಕ್ವೆರಿಯ ಮುಂದೆ ಹಾಕಿ, ಪಿಜಿ_ಸ್ಟಾಟ್_ಆಕ್ಟಿವಿಟಿಲಿ (ಈ ಕ್ಷಣ ಯಾವ ಸೆಷನ್ ಏನ್ಮಾಡ್ತಿದೆ ಅಂತ ತೋರಿಸೋ ಪಟ್ಟಿ) ಕ್ವೆರಿ ಪಠ್ಯ ಡೀಫಾಲ್ಟ್ ಆಗಿ 1024 ಬೈಟ್‌ಗೆ ಕತ್ತರಿಸಿಹೋಗತ್ತೆ, ಉದ್ದ ಕ್ವೆರಿಯ ಬಾಲದಲ್ಲಿ ಇಟ್ಟ ಕಾಮೆಂಟ್ ಕಾಣಲ್ಲ.

ಓಡ್ತಿದ್ಯಾ, ಕಾಯ್ತಿದ್ಯಾ?

ಇದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆದ್ರೆ ಬಹಳ ಜನ ಕೇಳದೇ ನೇರ ಪ್ಲಾನ್ (ಕ್ವೆರಿಯನ್ನ ಹೇಗೆ ಓಡಿಸೋದು ಅಂತ ಡೇಟಾಬೇಸ್ ಹಾಕ್ಕೊಳ್ಳೋ ಯೋಜನೆ) ನೋಡೋಕೆ ಹೋಗ್ತಾರೆ. ಕ್ವೆರಿ 5 ಸೆಕೆಂಡ್ ತಗೊಂಡ್ರೆ ಐದೂ ಸೆಕೆಂಡ್ ಕೆಲಸ ಮಾಡಿದೆ ಅಂತಲ್ಲ, 4.9 ಸೆಕೆಂಡ್ ಲಾಕ್‌ಗೆ ಕಾದಿರಬಹುದು, ಆಗ ಎಷ್ಟು ಇಂಡೆಕ್ಸ್ ಹಾಕಿದ್ರೂ ಒಂದು ಮಿಲಿಸೆಕೆಂಡ್ ಕಡಿಮೆ ಆಗಲ್ಲ.

ಸಮಸ್ಯೆ ನಡೀತಿರೋವಾಗ್ಲೇ ಪಿಜಿ_ಸ್ಟಾಟ್_ಆಕ್ಟಿವಿಟಿ ನೋಡಿ. ಸ್ಟೇಟ್ ಆಕ್ಟಿವ್ ಇದ್ದು ವೇಟ್_ಇವೆಂಟ್ ಖಾಲಿ ಇದ್ರೆ ಸಾಮಾನ್ಯವಾಗಿ ಸಿಪಿಯು ಮೇಲೆ ಓಡ್ತಿದೆ. ವೇಟ್_ಇವೆಂಟ್_ಟೈಪ್ ಐಓ ಅಂತಿದ್ರೆ ಡಿಸ್ಕ್, ಲಾಕ್ ಅಂತಿದ್ರೆ ಬೇರೆ ಸೆಷನ್ ತಡೆದಿದೆ. ಯಾರು ತಡೆದಿದ್ದಾರೆ ಅಂತ ತಿಳಿಯೋಕೆ ಪಿಜಿ_ಬ್ಲಾಕಿಂಗ್_ಪಿಡ್ಸ್ ಫಂಕ್ಷನ್‌ಗೆ ಕಾಯ್ತಿರೋ ಸೆಷನ್ನಿನ ಪಿಡ್ (ಪ್ರೊಸೆಸ್ ನಂಬರ್) ಕೊಡಿ, ತಡೆದವರ ಪಟ್ಟಿ ಬರತ್ತೆ. ಆ ಪಟ್ಟಿಲಿ ಬರೋರೂ ಬೇರೆ ಯಾರಿಗೋ ಕಾಯ್ತಿರಬಹುದು, ಬುಡ ಸಿಗೋವರೆಗೂ ಹೋಗ್ತಾ ಇರಿ. ಬುಡದಲ್ಲಿ ಬಹಳ ಸಲ ಸಿಗೋದು "ಐಡಲ್ ಇನ್ ಟ್ರಾನ್ಸಾಕ್ಷನ್" ಸ್ಥಿತಿಲಿ ಕೂತಿರೋ ಒಂದು ಸೆಷನ್. ಅಂದ್ರೆ ಕೋಡ್ ಒಂದು ಅಪ್‌ಡೇಟ್ ಮಾಡಿ, ಕಮಿಟ್ ಮಾಡದೇ, ಮಧ್ಯದಲ್ಲಿ ಬೇರೆ ಯಾವುದೋ ಹೊರಗಿನ ಎಪಿಐ ಕರೆದು ಉತ್ತರಕ್ಕೆ ಕಾಯ್ತಾ ಕೂತಿದೆ, ಅಷ್ಟು ಹೊತ್ತೂ ಆ ಸಾಲಿನ ಲಾಕ್ ಹಿಡ್ಕೊಂಡೇ ಇದೆ. ಪರಿಹಾರ ಇರೋದು ಕೋಡಲ್ಲಿ, ಟ್ರಾನ್ಸಾಕ್ಷನ್ ಒಳಗಿಂದ ಹೊರಗಿನ ಕರೆ ತೆಗೀಬೇಕು. ಕಾವಲಿಗೆ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಹಾಕಿಡಿ.

ಇನ್ನೊಂದು ಕ್ಲಾಸಿಕ್ ಕೇಸ್ ಹೇಳ್ಲೇಬೇಕು. ಒಂದು ಉದ್ದದ ಸೆಲೆಕ್ಟ್ ಓಡ್ತಿರತ್ತೆ, ಅದೇ ಟೇಬಲ್ ಮೇಲೆ ಯಾರೋ ಆಲ್ಟರ್ ಟೇಬಲ್ ಕೊಡ್ತಾರೆ, ಬಹಳಷ್ಟು ಆಲ್ಟರ್‌ಗಳಿಗೆ ಪೂರ್ತಿ ಟೇಬಲ್ಲಿನ ಎಕ್ಸ್‌ಕ್ಲೂಸಿವ್ ಲಾಕ್ ಬೇಕು, ಹಾಗಾಗಿ ಅದು ಸೆಲೆಕ್ಟ್ ಮುಗಿಯೋವರೆಗೂ ಸಾಲಲ್ಲಿ ನಿಲ್ಲತ್ತೆ, ಅದ್ರ ಹಿಂದೆ ಬರೋ ಮಾಮೂಲಿ ಸೆಲೆಕ್ಟ್‌ಗಳೂ ಅದ್ರ ಹಿಂದೇನೇ ನಿಲ್ತವೆ, ಒಂದೇ ನಿಮಿಷದಲ್ಲಿ ಇಡೀ ಆಪ್ ನಿಂತುಹೋಗತ್ತೆ. ಮೈಗ್ರೇಷನ್ (ಟೇಬಲ್ ರಚನೆ ಬದಲಿಸೋ) ಸ್ಕ್ರಿಪ್ಟ್ ಶುರುಲೇ ಲಾಕ್_ಟೈಮ್‌ಔಟ್ 2 ಸೆಕೆಂಡ್ ಅಂತ ಹಾಕಿದ್ರೆ ಈ ಅನಾಹುತ ಆಗಲ್ಲ, ಲಾಕ್ ಸಿಗದಿದ್ರೆ ಮೈಗ್ರೇಷನ್ ಬಿಟ್ಟುಕೊಡತ್ತೆ, ಮತ್ತೆ ಟ್ರೈ ಮಾಡಬಹುದು.

ತುರ್ತಿಗೆ ಬೇಕಾದ್ರೆ ಮೊದ್ಲು ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್, ಅದು ಓಡ್ತಿರೋ ಕ್ವೆರಿ ಮಾತ್ರ ನಿಲ್ಲಿಸತ್ತೆ. ಐಡಲ್ ಇನ್ ಟ್ರಾನ್ಸಾಕ್ಷನ್‌ಗೆ ಅದು ಸಾಲಲ್ಲ, ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಬೇಕು.

ಪ್ಲಾನ್ ಓದೋದು

ಕ್ವೆರಿ ನಿಜವಾಗ್ಲೂ ಕೆಲಸ ಮಾಡ್ತಾನೇ ಟೈಮ್ ತಗೊಳ್ತಿದೆ ಅಂತ ಖಚಿತ ಆದ್ಮೇಲೆ ಎಕ್ಸ್‌ಪ್ಲೇನ್ (ಅನಲೈಝ್, ಬಫರ್ಸ್) ಹಾಕಿ ಓಡಿಸಿ. ಬರೀ ಎಕ್ಸ್‌ಪ್ಲೇನ್ ಅಂದಾಜು ಮಾತ್ರ ಹೇಳತ್ತೆ, ಅನಲೈಝ್ ಹಾಕಿದ್ರೆ ಕ್ವೆರಿಯನ್ನ ನಿಜವಾಗ್ಲೂ ಓಡಿಸತ್ತೆ, ಆದ್ರಿಂದ ಡಿಲೀಟ್ ಅಥವಾ ಅಪ್‌ಡೇಟ್‌ಗೆ ಹಾಕೋದಾದ್ರೆ ಬಿಗಿನ್ ಹೇಳಿ ಆಮೇಲೆ ರೋಲ್‌ಬ್ಯಾಕ್ ಮಾಡಿ, ಮರೀಬೇಡಿ. 18ನೇ ಆವೃತ್ತಿಯಿಂದ ಅನಲೈಝ್ ಜೊತೆ ಬಫರ್ಸ್ ತಾನಾಗೇ ಬರತ್ತೆ.

ಪ್ಯಾರಾಮೀಟರ್ ಆಯ್ಕೆಲಿ ಎಚ್ಚರ ಇರಲಿ. ಸ್ಲೋ ಆದ ಕ್ವೆರಿಲಿ ಯಾವ ಬೆಲೆ ಇತ್ತೋ ಅದೇ ಬೆಲೆ ಹಾಕಿ, ಲಾಗಿಂದ ತಗೊಳ್ಳಿ. ಹತ್ತು ಆರ್ಡರ್ ಇರೋ ಗ್ರಾಹಕನಿಗೆ ಒಂದು ಪ್ಲಾನ್, ಹತ್ತು ಲಕ್ಷ ಇರೋನಿಗೆ ಬೇರೆ ಪ್ಲಾನ್ ಬರತ್ತೆ, ಚಿಕ್ಕೋನ ಐಡಿ ಹಾಕಿ "ನನ್ನ ಕಡೆ ಫಾಸ್ಟ್ ಇದೆ" ಅನ್ನೋದ್ರಲ್ಲಿ ಅರ್ಥ ಇಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಒಮ್ಮೆ ಸಿದ್ಧ ಮಾಡಿ ಬೇರೆಬೇರೆ ಬೆಲೆಗೆ ಮತ್ತೆಮತ್ತೆ ಓಡಿಸೋ ಕ್ವೆರಿ) ಆದ್ರೆ ಇನ್ನೊಂದು ತಿರುವು ಇದೆ, ಮೊದಲ 5 ಸಲ ಆ ಬೆಲೆಗೆ ತಕ್ಕ ಪ್ಲಾನ್ ಮಾಡಿ, ಆಮೇಲೆ ಎಲ್ಲಾ ಬೆಲೆಗೂ ಒಂದೇ ಆಗೋ ಜನರಿಕ್ ಪ್ಲಾನಿನ ಖರ್ಚು ಜಾಸ್ತಿ ಅಲ್ಲ ಅನ್ಸಿದ್ರೆ ಅದಕ್ಕೇ ಹೋಗತ್ತೆ. ಆಪಲ್ಲಿ ಸ್ಲೋ, ಕೈಯಲ್ಲಿ ಓಡಿಸಿದ್ರೆ ಫಾಸ್ಟ್ ಅಂತಾದ್ರೆ ಇದನ್ನೂ ಅನುಮಾನಿಸಿ. 16ರಿಂದ ಎಕ್ಸ್‌ಪ್ಲೇನ್ (ಜನರಿಕ್_ಪ್ಲಾನ್) ಹಾಕಿ ಆ ಪ್ಲಾನ್ ಹೇಗಿರತ್ತೆ ಅಂತ ನೋಡಬಹುದು.

ಪ್ಲಾನನ್ನ ಒಳಗಿಂದ ಹೊರಗೆ ಓದಿ, ಸಾಮಾನ್ಯವಾಗಿ ಜಾಸ್ತಿ ಒಳಗೆ ಸರಿದಿರೋ ಸಾಲು ಮೊದಲು ಓಡೋದು. ನಾನು ಮೊದಲು ನೋಡೋದು ಅಂದಾಜು ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ಎಷ್ಟು ಅಂತರ ಇದೆ ಅಂತ. ಪ್ಲಾನರ್ 12 ಸಾಲು ಬರತ್ತೆ ಅಂದ್ಕೊಂಡು 40,000 ಬಂದ್ರೆ ಅಲ್ಲಿಂದ ಮೇಲೆ ತಗೊಂಡ ತೀರ್ಮಾನ ಎಲ್ಲಾ ತಪ್ಪಾಗಿರೋ ಸಾಧ್ಯತೆ ಇದೆ. 12 ಸಾಲಿಗೆ ನೆಸ್ಟೆಡ್ ಲೂಪ್ (ಪ್ರತಿ ಸಾಲಿಗೂ ಇನ್ನೊಂದು ಟೇಬಲಲ್ಲಿ ಹುಡುಕೋದು) ಸರಿಯಾದ ಆಯ್ಕೆನೇ, 40,000ಕ್ಕೆ ಹ್ಯಾಶ್ ಜಾಯಿನ್ (ಒಂದು ಕಡೆ ಸಾಲುಗಳನ್ನ ಮೆಮೊರಿಲಿ ಇಟ್ಕೊಂಡು ಹೊಂದಿಸೋದು) ಬೇಕಿತ್ತು. ತಪ್ಪು ಶುರುವಾದ ಅತಿ ಒಳಗಿನ ಜಾಗ ಹುಡುಕಿ, ಆ ಟೇಬಲ್‌ಗೆ ಅನಲೈಝ್ ಕಮಾಂಡ್ (ಎಕ್ಸ್‌ಪ್ಲೇನ್ ಜೊತೆಗಿನದ್ದಲ್ಲ, ಟೇಬಲ್ಲಿನ ಅಂಕಿಅಂಶ ಹೊಸದು ಮಾಡೋದು) ಓಡಿಸಿ ನೋಡಿ. ಆಟೋವ್ಯಾಕ್ಯೂಮ್ (ತಾನಾಗೇ ಓಡೋ ಹಿನ್ನೆಲೆ ಕೆಲಸ) ಡೀಫಾಲ್ಟ್ ಆಗಿ ಸುಮಾರು 10% ಸಾಲು ಬದಲಾದ ಮೇಲಷ್ಟೇ ಅಂಕಿಅಂಶ ಹೊಸದು ಮಾಡತ್ತೆ, 50 ಕೋಟಿ ಸಾಲಿನ ಟೇಬಲಲ್ಲಿ 10% ಅಂದ್ರೆ 5 ಕೋಟಿ, ಅಷ್ಟರೊಳಗೆ ಈ ವಾರದ ತಾರೀಖುಗಳು ಪ್ಲಾನರ್‌ಗೆ ಗೊತ್ತೇ ಇರಲ್ಲ. ಊರು ಮತ್ತೆ ಪಿನ್‌ಕೋಡ್ ಥರ ಒಂದಕ್ಕೊಂದು ಅಂಟಿಕೊಂಡಿರೋ ಕಾಲಮ್‌ಗಳಾದ್ರೆ ಕ್ರಿಯೇಟ್ ಸ್ಟಾಟಿಸ್ಟಿಕ್ಸ್ ಬೇಕಾಗತ್ತೆ, ಯಾಕಂದ್ರೆ ಪ್ಲಾನರ್ ಅವೆರಡೂ ಸಂಬಂಧ ಇಲ್ಲದವು ಅಂದ್ಕೊಂಡು ಗುಣಿಸಿಬಿಡತ್ತೆ.

ಆಮೇಲೆ ಲೂಪ್ಸ್ ಅನ್ನೋ ಸಂಖ್ಯೆ. ಬಹಳ ಜನ ಎಡವೋದು ಇಲ್ಲೇ. ಪ್ಲಾನಲ್ಲಿ ಕಾಣೋ ಟೈಮ್ ಮತ್ತೆ ಸಾಲುಗಳು ಒಂದು ಲೂಪಿನ ಸರಾಸರಿ. ಇಂಡೆಕ್ಸ್ ಸ್ಕ್ಯಾನ್ 0.02 ಮಿಲಿಸೆಕೆಂಡ್ ಅಂತಿದ್ರೆ ಎಷ್ಟು ಚೆನ್ನಾಗಿದೆ ಅನ್ಸತ್ತೆ, ಪಕ್ಕದಲ್ಲಿ ಲೂಪ್ಸ್ 40,000 ಅಂತಿದ್ರೆ ಅದು 800 ಮಿಲಿಸೆಕೆಂಡ್. ಗುಣಿಸಿ ನೋಡಿ.

"ರೋಸ್ ರಿಮೂವ್ಡ್ ಬೈ ಫಿಲ್ಟರ್" ದೊಡ್ಡದಿದ್ರೆ ಓದಿ ಬಿಸಾಡಿದ ಸಾಲುಗಳು ಜಾಸ್ತಿ ಅಂತ, ಇಂಡೆಕ್ಸ್ ಸಹಾಯ ಮಾಡೋದು ಮುಖ್ಯವಾಗಿ ಇಂಥ ಜಾಗದಲ್ಲಿ. ಹಾಗಂತ ಸೀಕ್ವೆನ್ಷಿಯಲ್ ಸ್ಕ್ಯಾನ್ ಕಂಡ ಕೂಡ್ಲೇ ಗಾಬರಿ ಬೇಡ, ಟೇಬಲ್ಲಿನ ಅರ್ಧ ಸಾಲು ಬೇಕು ಅಂದ್ರೆ ಪೂರ್ತಿ ಓದೋದೇ ಅಗ್ಗ. ಬಫರ್ಸ್‌ನಲ್ಲಿ ಹಿಟ್ ಅಂದ್ರೆ ಪೋಸ್ಟ್‌ಗ್ರೆಸ್ ಮೆಮೊರಿಲೇ ಸಿಕ್ಕ ಬ್ಲಾಕ್, ರೀಡ್ ಅಂದ್ರೆ ಹೊರಗಿಂದ ತಂದಿದ್ದು. ಒಂದು ಬ್ಲಾಕ್ 8 ಕೆಬಿ, ರೀಡ್ 60,000 ಇದ್ರೆ ಹತ್ತಿರಹತ್ತಿರ 470 ಎಂಬಿ ಓದಿದೆ, ಅದೂ 20 ಸಾಲು ತೋರಿಸೋಕೆ ಅಂದ್ರೆ ಸಮಸ್ಯೆ ಕಣ್ಣೆದುರಿಗೇ ಇದೆ. ಎರಡನೇ ಸಲ ಓಡಿಸಿದಾಗ ಫಾಸ್ಟ್ ಆಗೋದು ಕ್ಯಾಶ್ ಬಿಸಿ ಆಗಿರೋದ್ರಿಂದ, ಸರಿಹೋಯ್ತು ಅಂದ್ಕೋಬೇಡಿ, ಹೋಲಿಸೋಕೆ ಟೈಮ್‌ಗಿಂತ ಹಿಟ್ ಮತ್ತೆ ರೀಡ್ ಕೂಡಿಸಿದ ಬ್ಲಾಕ್ ಸಂಖ್ಯೆನೇ ನಂಬಿಕಸ್ತ. ಟ್ರ್ಯಾಕ್_ಐಓ_ಟೈಮಿಂಗ್ ಆನ್ ಮಾಡಿದ್ರೆ ಡಿಸ್ಕಿಗೆ ಹೋದ ಟೈಮ್ ಬೇರೆಯಾಗೇ ಕಾಣತ್ತೆ.

ಸಾರ್ಟ್ ಸಾಲಲ್ಲಿ "ಎಕ್ಸ್‌ಟರ್ನಲ್ ಮರ್ಜ್" ಕಂಡ್ರೆ ವರ್ಕ್_ಮೆಮ್ ಸಾಲಲಿಲ್ಲ ಅಂತ, ಡೀಫಾಲ್ಟ್ ಬರೀ 4 ಎಂಬಿ. ಇದನ್ನ ಇಡೀ ಸರ್ವರ್‌ಗೆ ಏರಿಸಬೇಡಿ, ಅದು ಪ್ರತಿ ಕನೆಕ್ಷನ್‌ಗಲ್ಲ, ಒಂದು ಕ್ವೆರಿ ಒಳಗಿನ ಪ್ರತಿ ಸಾರ್ಟ್, ಪ್ರತಿ ಹ್ಯಾಶ್‌ಗೆ ಬೇರೆ ಬೇರೆಯಾಗಿ ಸಿಗೋ ಮಿತಿ. ಆ ರಿಪೋರ್ಟ್ ಓಡಿಸೋ ಯೂಸರ್‌ಗೆ ಅಥವಾ ಆ ಟ್ರಾನ್ಸಾಕ್ಷನ್‌ಗೆ ಮಾತ್ರ ಏರಿಸಿ.

ಪ್ಲಾನಲ್ಲಿ ಟೈಮ್ ಕಡಿಮೆ, ಆಪಲ್ಲಿ ಜಾಸ್ತಿ ಅಂದ್ರೆ ಫಲಿತಾಂಶದ ಗಾತ್ರ ನೋಡಿ. ಎಕ್ಸ್‌ಪ್ಲೇನ್ ಅನಲೈಝ್ ಸಾಲುಗಳನ್ನ ಕ್ಲೈಂಟ್‌ಗೆ ಕಳಿಸೋದೇ ಇಲ್ಲ, ಹಾಗಾಗಿ ದೊಡ್ಡ ಜೇಸನ್ ಕಾಲಮ್ ಇರೋ ಟೇಬಲಲ್ಲಿ ಸೆಲೆಕ್ಟ್ ಸ್ಟಾರ್ ಮಾಡೋದ್ರ ಖರ್ಚು ಅದ್ರಲ್ಲಿ ಕಾಣಲ್ಲ.

ಸಮಸ್ಯೆ ಅಪರೂಪಕ್ಕೊಮ್ಮೆ ಬಂದು ಹೋಗತ್ತೆ, ಕೈಗೆ ಸಿಗ್ತಿಲ್ಲ ಅಂದ್ರೆ ಆಟೋ_ಎಕ್ಸ್‌ಪ್ಲೇನ್ ಹಾಕಿ, ನಿಗದಿ ಟೈಮ್ ಮೀರಿದ ಕ್ವೆರಿಗಳ ಪ್ಲಾನ್ ಅದೇ ಲಾಗ್ ಮಾಡತ್ತೆ. ಲಾಗ್_ಅನಲೈಝ್ ಆನ್ ಮಾಡೋದಾದ್ರೆ ಲಾಗ್_ಟೈಮಿಂಗ್ ಆಫ್ ಇಡಿ, ಇಲ್ಲಾಂದ್ರೆ ಎಲ್ಲಾ ಕ್ವೆರಿಗಳಿಗೂ ಗಡಿಯಾರ ನೋಡೋ ಹೊರೆ ಬೀಳತ್ತೆ.

ಒಂದೊಂದೂ ಫಾಸ್ಟ್, ಒಟ್ಟು ಸ್ಲೋ

ಪಟ್ಟಿ ತೋರಿಸೋಕೆ 1 ಕ್ವೆರಿ, ಅದ್ರಲ್ಲಿರೋ 200 ಐಟಂಗೆ ಒಂದೊಂದರಂತೆ ಮತ್ತೆ 200 ಕ್ವೆರಿ. ಓಆರ್‌ಎಮ್‌ಗಳಲ್ಲಿ ಲೇಝಿ ಲೋಡಿಂಗಿಂದ (ಬೇಕಾದಾಗ ಒಂದೊಂದೇ ತರೋದು) ಹೀಗಾಗತ್ತೆ, ಎನ್ ಪ್ಲಸ್ ಒನ್ ಅಂತಾರೆ. ಪ್ರತಿಯೊಂದೂ ಅರ್ಧ ಮಿಲಿಸೆಕೆಂಡಲ್ಲಿ ಮುಗಿಯತ್ತೆ, ಪ್ಲಾನ್ ಪರ್ಫೆಕ್ಟ್ ಆಗಿರತ್ತೆ, ನೆಟ್‌ವರ್ಕಲ್ಲಿ ಹೋಗಿ ಬರೋಕೆ 2 ಮಿಲಿಸೆಕೆಂಡ್ ಆದ್ರೆ ಒಟ್ಟು ಅರ್ಧ ಸೆಕೆಂಡ್ ಹೋಯ್ತು. ಟ್ರೇಸಲ್ಲಿ ಒಂದೇ ಥರದ ಚಿಕ್ಕ ಸ್ಪ್ಯಾನ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತವೆ, ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್‌ನಲ್ಲಿ ಕಾಲ್ಸ್ ಸಂಖ್ಯೆ ರಿಕ್ವೆಸ್ಟ್‌ಗಳ ಸಂಖ್ಯೆಗಿಂತ ನೂರಾರು ಪಟ್ಟು ಇರತ್ತೆ. ಜಾಯಿನ್ ಮಾಡಿ ಅಥವಾ ಐಡಿಗಳನ್ನ ಒಟ್ಟಿಗೆ ಕಳಿಸಿ ಎರಡೇ ಕ್ವೆರಿಲಿ ಮುಗಿಸಿ.

ಬೇರೆ ಡೇಟಾಬೇಸ್‌ಗಳಲ್ಲಿ

ಮೈಎಸ್‌ಕ್ಯೂಎಲ್‌ನಲ್ಲಿ ಸ್ಲೋ_ಕ್ವೆರಿ_ಲಾಗ್ ಆನ್ ಮಾಡಿ ಲಾಂಗ್_ಕ್ವೆರಿ_ಟೈಮ್ ಇಳಿಸಿ, ಅದ್ರ ಡೀಫಾಲ್ಟ್ 10 ಸೆಕೆಂಡ್, ವೆಬ್ ಆಪ್‌ಗೆ ಅದು ತೀರಾ ಜಾಸ್ತಿ, ದಶಮಾಂಶದಲ್ಲೂ ಕೊಡಬಹುದು. ಒಟ್ಟುಗೂಡಿಸಿದ ಲೆಕ್ಕಕ್ಕೆ ಪರ್ಫಾರ್ಮೆನ್ಸ್ ಸ್ಕೀಮಾದ ಡೈಜೆಸ್ಟ್ ಟೇಬಲ್ ಇದೆ, ಎಕ್ಸ್‌ಪ್ಲೇನ್ ಅನಲೈಝ್ 8.0.18ರಿಂದ ಬಂತು. ಎಸ್‌ಕ್ಯೂಎಲ್ ಸರ್ವರಲ್ಲಿ ಹಳೇ ಪ್ರೊಫೈಲರ್ ಬಿಟ್ಟು ಎಕ್ಸ್‌ಟೆಂಡೆಡ್ ಇವೆಂಟ್ಸ್ ಬಳಸಿ, 2016ರಿಂದ ಇರೋ ಕ್ವೆರಿ ಸ್ಟೋರ್ ಹಳೇ ಪ್ಲಾನ್‌ಗಳನ್ನೂ ಇಟ್ಕೊಂಡಿರತ್ತೆ, ಪ್ಲಾನ್ ಯಾವತ್ತು ಬದಲಾಯ್ತು ಅಂತ ನೋಡೋಕೆ ಅಷ್ಟು ಚೆನ್ನಾಗಿರೋದು ಪೋಸ್ಟ್‌ಗ್ರೆಸ್ ಒಳಗೆ ಇಲ್ಲ. ಒರಾಕಲ್‌ನಲ್ಲಿ 10046 ಇವೆಂಟ್, ಲೆವೆಲ್ 12 ಕೊಟ್ರೆ ಬೈಂಡ್ ಬೆಲೆ ಮತ್ತೆ ಕಾದ ಸಮಯ ಎರಡೂ ಟ್ರೇಸ್ ಫೈಲಿಗೆ ಬರತ್ತೆ, ಟಿಕೆಪ್ರಾಫ್ ಅನ್ನೋ ಸಾಧನ ಹಾಕಿ ಓದಿ.

ಸರಿ ಮಾಡೋವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ಒಟ್ಟಿಗೆ ಮಾಡಿದ್ರೆ ಯಾವುದು ಕೆಲಸ ಮಾಡ್ತು ಅಂತ ತಿಳಿಯಲ್ಲ. ಪ್ರೊಡಕ್ಷನಲ್ಲಿ ಇಂಡೆಕ್ಸ್ ಹಾಕೋದಾದ್ರೆ ಕ್ರಿಯೇಟ್ ಇಂಡೆಕ್ಸ್ ಕನ್ಕರೆಂಟ್ಲಿ ಬಳಸಿ, ಮಾಮೂಲಿ ರೀತಿ ಹಾಕಿದ್ರೆ ಅದು ಮುಗಿಯೋವರೆಗೂ ಆ ಟೇಬಲ್‌ಗೆ ಬರೆಯೋಕಾಗಲ್ಲ. ಕನ್ಕರೆಂಟ್ಲಿ ಟ್ರಾನ್ಸಾಕ್ಷನ್ ಒಳಗೆ ಓಡಲ್ಲ, ಮಧ್ಯದಲ್ಲಿ ಫೇಲ್ ಆದ್ರೆ ಇನ್ವ್ಯಾಲಿಡ್ ಇಂಡೆಕ್ಸ್ ಒಂದು ಉಳ್ಕೊಳ್ಳತ್ತೆ, ಅದು ಓದೋಕೆ ಉಪಯೋಗಕ್ಕೆ ಬರಲ್ಲ, ಬರೆಯೋವಾಗ ಹೊರೆ ಮಾತ್ರ ಆಗಬಹುದು, ಡ್ರಾಪ್ ಮಾಡಿ ಮತ್ತೆ ಹಾಕಿ. ವೇರ್ ಒಳಗೆ ಲೋವರ್(ಇಮೇಲ್) ಅಂತ ಬರೆದಿದ್ರೆ ಇಮೇಲ್ ಮೇಲಿನ ಸಾದಾ ಇಂಡೆಕ್ಸ್ ಕೆಲಸಕ್ಕೆ ಬರಲ್ಲ, ಲೋವರ್(ಇಮೇಲ್) ಮೇಲೇ ಇಂಡೆಕ್ಸ್ ಬೇಕು. ಆಫ್‌ಸೆಟ್ 1,00,000 ಅಂತ ಪೇಜ್ ಮಾಡ್ತಿದ್ರೆ ಆ ಒಂದು ಲಕ್ಷ ಸಾಲನ್ನೂ ಲೆಕ್ಕ ಮಾಡಿಯೇ ಬಿಸಾಡತ್ತೆ, ಕೊನೇ ಸಲ ನೋಡಿದ ಐಡಿಗಿಂತ ಮುಂದಿನದು ಕೊಡು ಅಂತ ಕೇಳಿ.

ಬದಲಾವಣೆ ಹೋದ್ಮೇಲೆ ಅದೇ ಕ್ವೆರಿಐಡಿಯ ಅಂಕಿಗಳನ್ನ ಮೊದಲಿನ ದಿನದ ಅದೇ ಹೊತ್ತಿನ ನಕಲಿನ ಜೊತೆ ಹೋಲಿಸಿ, ಕ್ವೆರಿಯ ಆಕಾರನೇ ಬದಲಾಗಿದ್ರೆ ಹೊಸ ಐಡಿ ಹುಡುಕಿ ಹೋಲಿಸಬೇಕು. ಹಾಕಿದ ಇಂಡೆಕ್ಸ್ ಬಳಕೆ ಆಗ್ತಿದ್ಯಾ ಅಂತ ಪಿಜಿ_ಸ್ಟಾಟ್_ಯೂಸರ್_ಇಂಡೆಕ್ಸಸ್‌ನ ಐಡಿಎಕ್ಸ್_ಸ್ಕ್ಯಾನ್ ಕಾಲಮಲ್ಲಿ ಕೆಲವು ದಿನ ಬಿಟ್ಟು ನೋಡಿ, 0 ಇದ್ದೇ ಇದ್ರೆ ತೆಗೆದುಹಾಕಿ. ತೆಗೆಯೋ ಮುಂಚೆ ರೆಪ್ಲಿಕಾಗಳಲ್ಲೂ (ಮುಖ್ಯ ಸರ್ವರಿನ ನಕಲುಗಳು) ಅದೇ ಕಾಲಮ್ ನೋಡಿ, ಆ ಲೆಕ್ಕ ಪ್ರತಿ ಸರ್ವರಲ್ಲೂ ಬೇರೆಬೇರೆ ಇರತ್ತೆ, ಪ್ರೈಮರಿಲಿ ಯಾರೂ ಮುಟ್ಟದ ಇಂಡೆಕ್ಸ್ ರೆಪ್ಲಿಕಾದಲ್ಲಿ ರಿಪೋರ್ಟ್‌ಗಳಿಗೆ ದಿನಾ ಬಳಕೆ ಆಗ್ತಿರಬಹುದು.